ಪ್ರಶ್ನೆ ಕೇಳುವವನಿಗೆ ತೆರೆದ ಬಾಗಿಲು



ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ಹಾದಿಯಲ್ಲಿ ಯೇವಲಾ ಎಂಬ ಊರಿದೆ. ಈ ಮೂರು ಊರುಗಳನ್ನು ಒಟ್ಟಿಗೆ ಹೆಸರಿಸಿದರೆ ಇಪ್ಪತ್ತು ವರ್ಷಗಳ ಚರಿತ್ರೆಯನ್ನೇ ಹೇಳಿದಂತಾಗುತ್ತದೆ. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ದಲಿತರು ನಾಸಿಕದ ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದರು. ವರ್ಷಗಳು ಉರುಳಿದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್‌ನಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಅವರು ಯೇವಲಾದಲ್ಲಿ ಘೋಷಿಸಿದರು. 1950ರಲ್ಲಿ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿಯು ಅಂದಿನ ಔರಂಗಾಬಾದಿನಲ್ಲಿ ಕಾಲೇಜೊಂದನ್ನು ಆರಂಭಿಸಿತು. ಅದೇ ಇಂದಿನ ಮಿಲಿಂದ ಮಹಾವಿದ್ಯಾಲಯ.

ಮಿಲಿಂದನು ಬೌದ್ಧಭಿಕ್ಷು ನಾಗಸೇನನಿಗೆ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿದ ಗ್ರೀಕ್ ದೊರೆ. ಕಾಲೇಜಿಗೆ ಉತ್ತರ ಹೇಳಿದ ಗುರುವಿನ ಹೆಸರಿಡದೆ ಪ್ರಶ್ನೆ ಕೇಳಿದವನ ಹೆಸರಿಟ್ಟದ್ದು ಗಮನಾರ್ಹ. ವಂಚಿತ ಯುವಜನರಿಗೆ ಮಾರ್ಗದರ್ಶನ ಮಾಡಹೊರಟವರು ಮೊದಲು ಅರಿಯಬೇಕಾದುದು ಇದನ್ನೇ. ಉಪದೇಶಿಸುವವರಿಗೆ ಕೊರತೆಯಿಲ್ಲ, ಆ ಹುಡುಗನ, ಆ ಹುಡುಗಿಯ ಪ್ರಶ್ನೆಗೆ ಕಿವಿಗೊಡುವವರು ವಿರಳ.

ಇದು ಜೈನ ಸಮಾಜಕ್ಕೆ ಹೊರಗಿನ ಮಾತಲ್ಲ. ಮೂಡುಬಿದಿರೆ ಮೂಲದ ಜೈನ ಮನೆತನದಲ್ಲಿ, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು, ಅಸ್ಪೃಶ್ಯರ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಹೋಗಿ ಬಂದು, ಮೈಲಿಗೆಯ ಸ್ನಾನಕ್ಕೆ ಒಪ್ಪದೆ ಜೈನ ವಿದ್ಯಾರ್ಥಿನಿಲಯವನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರದಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ತ್ಯಜಿಸಿದರು. ಒಂದು ನಿಲಯದ ಬಾಗಿಲು ಮುಚ್ಚಿದ್ದಕ್ಕೆ ಆ ಜೈನ ಯುವಕ ಕೊಟ್ಟ ಉತ್ತರವಿದು.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಸ್ಥಾನ ಕೊಟ್ಟ ಧರ್ಮವು, ಅದನ್ನು ಪಡೆಯುವವನ ಕುಲವನ್ನು ಕೇಳಬಹುದೇ? ಕಾನೂನಿಗೂ ಈ ಪ್ರಶ್ನೆ ಎದುರಾಗಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 13ನೆಯ ಕಲಮು, ಆ ಕಾಯ್ದೆ ಜಾರಿಯಾದ ಮೇಲೆ ಒಂದೇ ಧರ್ಮದ ಅಥವಾ ಜಾತಿಯ ಹಿತಕ್ಕಾಗಿ ಹುಟ್ಟಿದ ದತ್ತಿಸಂಸ್ಥೆಗೆ ವಿನಾಯಿತಿ ನಿರಾಕರಿಸಿತು. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳನ್ನು ಮಾತ್ರ ಈ ನಿರ್ಬಂಧದಿಂದ ಹೊರಗಿಟ್ಟಿತು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಬಾಗಿಲು ಮುಚ್ಚುವ ಹಕ್ಕೆಂದು ಯಾರೂ ಭಾವಿಸಬಾರದು.

ಇಂದು ನಾಸಿಕ ಜಿಲ್ಲೆಯ ಪೇಠ, ಸುರಗಾಣಾ ತಾಲೂಕುಗಳ ಆದಿವಾಸಿ ಯುವಕರೂ ಮರಾಠವಾಡದ ಬರದ ಹಳ್ಳಿಗಳ ಯುವತಿಯರೂ ಓದನ್ನೋ ಕೆಲಸವನ್ನೋ ಅರಸಿ ಈ ಎರಡು ನಗರಗಳಿಗೆ ಬರುತ್ತಾರೆ. ಅವರಲ್ಲಿ ಅನೇಕರ ಓದು ಬುದ್ಧಿಯ ಕೊರತೆಯಿಂದ ನಿಲ್ಲುವುದಿಲ್ಲ. ಆದಾಯ ಪ್ರಮಾಣಪತ್ರ ತಡವಾಯಿತು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಲಿಲ್ಲ, ವಿದ್ಯಾರ್ಥಿವೇತನದ ಗಡುವು ಮೀರಿತು: ಇಷ್ಟೇ ಸಾಕು, ವರ್ಷವೊಂದು ಕೈಬಿಟ್ಟು ಹೋಗುತ್ತದೆ, ಪುಸ್ತಕ ಹಿಡಿದ ಕೈ ಕಬ್ಬು ಕಡಿಯುವ ಕತ್ತಿಯನ್ನು ಹಿಡಿಯುತ್ತದೆ. ಇಲ್ಲಿ ಬೇಕಾಗಿರುವುದು ಶಾಲು ಹೊದಿಸುವ ಸಮಾರಂಭವಲ್ಲ. ಕಾಗದಪತ್ರ ಬಲ್ಲ ಒಬ್ಬ ಸ್ವಯಂಸೇವಕ, ಒಬ್ಬ ವಿದ್ಯಾರ್ಥಿಯ ಜೊತೆ ವಾರಕ್ಕೆ ಎರಡು ಗಂಟೆ, ಇಡೀ ಶೈಕ್ಷಣಿಕ ವರ್ಷ ಕುಳಿತರೆ ಸಾಕು. ವ್ಯಾಪಾರ, ಬ್ಯಾಂಕು, ಲೆಕ್ಕ ಬಲ್ಲವರು ತುಂಬಿರುವ ಸಮಾಜಕ್ಕೆ ಇದು ಭಾರವಲ್ಲ.

ಧನದಾನಕ್ಕೆ ರಸೀದಿಯಿದೆ, ಶಿಲಾಫಲಕವೂ ಇದೆ. ಸಮಯದಾನಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದು ಬೇಗ ಮರೆತುಹೋಗುತ್ತದೆ. ಆದ್ದರಿಂದ ಪ್ರತಿ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಆಯವ್ಯಯ ಪತ್ರದ ಜೊತೆಗೆ ಇನ್ನೊಂದು ಹಾಳೆಯನ್ನೂ ಓದಲಿ: ಎಷ್ಟು ಮಂದಿ ಎಷ್ಟು ಗಂಟೆ ಕೊಟ್ಟರು, ಎಷ್ಟು ವಿದ್ಯಾರ್ಥಿಗಳು ಓದು ಮುಂದುವರಿಸಿದರು, ಅವರಲ್ಲಿ ಎಷ್ಟು ಮಂದಿ ಸಮಾಜದ ಹೊರಗಿನವರು. ಮೂರನೆಯ ಅಂಕಿ ಸೊನ್ನೆಯಾಗಿದ್ದರೆ ಸಭೆಯು ಮುಂದಿನ ವಿಷಯಕ್ಕೆ ಹೋಗದಿರಲಿ.