ಆಂಟ್ರಮ್: ದೇಹದೊಳಗಿನ ಗುಹೆ

ಮೂಳೆಯ ಅಥವಾ ಅಂಗದ ಒಳಗಿನ ಕೆಲವು ಪೊಳ್ಳು ಜಾಗಗಳಿಗೆ ಅಂಗರಚನಾಶಾಸ್ತ್ರದಲ್ಲಿ ‘ಆಂಟ್ರಮ್’ ಎಂದು ಹೆಸರು. ಗ್ರೀಕಿನ ‘ಆಂಟ್ರಾನ್’ ಲ್ಯಾಟಿನ್ ಮೂಲಕ ವೈದ್ಯಕೀಯಕ್ಕೆ ಬಂತು, ಅರ್ಥ ಗುಹೆ. ಜಠರದ ಕೆಳಭಾಗದಲ್ಲಿ, ಕಿವಿಯ ಹಿಂದಿನ ಮೂಳೆಯಲ್ಲಿ ಆಂಟ್ರಮ್‌ಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ಮೇಲ್ದವಡೆಯದು, ಅಂದರೆ ಮೇಲ್ದವಡೆಯ ಸೈನಸ್. ಲಿಯೊನಾರ್ಡೊ ಡ ವಿಂಚಿ 1489ರಲ್ಲೇ ತಲೆಬುರುಡೆ ಸೀಳಿ ಇದರ ಚಿತ್ರ ಬರೆದಿದ್ದ. ಆದರೂ ಹೆಸರು ನಿಂತದ್ದು 1651ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಇಂಗ್ಲಿಷ್ ವೈದ್ಯ ನಥಾನಿಯಲ್ ಹೈಮೋರ್‌ನದು.

ಗುಹೆಯೆಂಬ ಮಾತು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಒಳಗೆ ವಿಶಾಲ, ಬಾಯಿ ಮಾತ್ರ ಕಿರಿದು. ಆ ಬಾಯಿಯೂ ತಳದಲ್ಲಿಲ್ಲ, ಮೂಗಿನ ಕಡೆಯ ಗೋಡೆಯ ಮೇಲ್ಭಾಗದಲ್ಲಿದೆ. ಹಾಗಾಗಿ ನೆಗಡಿಯಲ್ಲಿ ಕಟ್ಟಿದ ಲೋಳೆ ಸುಲಭವಾಗಿ ಇಳಿದುಹೋಗದು. ಒಳಪದರದ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ತಳ್ಳಬೇಕು. ಮೇಲಿನ ದವಡೆಹಲ್ಲುಗಳ ಬೇರು ಇದರ ತಳಕ್ಕೆ ತೀರಾ ಹತ್ತಿರ. ಸೈನಸ್ ತೊಂದರೆಯಲ್ಲಿ ಹಲ್ಲು ನೋಯುವುದು ಇದರಿಂದಲೇ.