ಕಡಲು ಏರಿತೋ, ನೆಲ ಇಳಿಯಿತೋ

ವಿಜಯವಾಡದ ಭವಾನಿಪುರಂನಲ್ಲಿ ಕೃಷ್ಣೆಯ ದಡಕ್ಕೆ ಹೋಗಿ ನಿಂತರೆ ಹೊಳೆ ಕೆರೆಯ ಹಾಗೆ ಕಾಣುತ್ತದೆ. ಕೆಳಗಡೆ ಪ್ರಕಾಶಂ ಬ್ಯಾರೇಜು ತಡೆದು ನಿಲ್ಲಿಸಿದ ನೀರು. ನಮ್ಮ ಬಾಗಲಕೋಟೆ, ರಾಯಚೂರು ಸೀಮೆ ಹಾದು ಬಂದ ನೀರೇ ಅದು. ನೀರು ಬಂದಿದೆ, ಜತೆಗೆ ಬರಬೇಕಾಗಿದ್ದ ಮಣ್ಣು ಬಂದಿಲ್ಲ. ಈ ಮಾತನ್ನು ಇಲ್ಲೇ ಬಿಟ್ಟು, ಮೊದಲು ವಿಶಾಖಪಟ್ಟಣಕ್ಕೆ ಹೋಗಿ ಬರೋಣ.

ಅಲ್ಲಿನ ಬಂದರು 1933ರಲ್ಲಿ ತೆರೆಯಿತು. ಕಡಲಮಟ್ಟದ ದಾಖಲೆ 1937ರಿಂದ ಸಿಗುತ್ತದೆ. ಮುಂಬಯಿಯದು ಇನ್ನೂ ಹಳೆಯದು, 1878ರಿಂದ. ಹಳೆಯ ಮಾಪಕ ಬಲು ಸರಳ. ನೀರಲ್ಲಿ ನಿಲ್ಲಿಸಿದ ಒಂದು ದಪ್ಪ ಕೊಳವೆ, ತಳದಲ್ಲಿ ಸಣ್ಣ ತೂತು. ಹೊರಗೆ ಅಲೆ ಎಷ್ಟೇ ಕುಣಿದರೂ ಒಳಗಿನ ನೀರು ಸಾವಕಾಶ ಏರಿಳಿಯುತ್ತದೆ. ನೀರಿನ ಮೇಲೊಂದು ತೇಲುಬುಂಡೆ, ಅದಕ್ಕೊಂದು ತಂತಿ, ಅದು ಎಳೆದಂತೆ ಆಡುವ ಲೇಖನಿ. ಗಡಿಯಾರದಂತೆ ತಿರುಗುವ ಉರುಳೆಯ ಕಾಗದದ ಮೇಲೆ ದಿನಕ್ಕೆ ಎರಡು ಭರತ, ಎರಡು ಇಳಿತ. ಹಡಗಿನ ತಳ ನೆಲಕ್ಕೆ ತಾಗದಿರಲಿ ಎಂದು ಇಟ್ಟ ಲೆಕ್ಕ ಇದು, ಯಾರ ವಾದ ಗೆಲ್ಲಿಸುವುದಕ್ಕೂ ಬರೆದದ್ದಲ್ಲ. ನನಗೆ ಇದರ ಮೇಲೆ ನಂಬಿಕೆ ಹೆಚ್ಚು, ಅದಕ್ಕೇ.

ವಿಶಾಖಪಟ್ಟಣದ ದಾಖಲೆ ಶುರುವಾದ ಮರುವರ್ಷ, 1938ರಲ್ಲಿ, ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್ ನೂರಕ್ಕೂ ಹೆಚ್ಚು ಕೇಂದ್ರಗಳ ಉಷ್ಣತೆ ಕೂಡಿಸಿ, ಕಲ್ಲಿದ್ದಲಿನಂಥ ಇಂಧನ ಉರಿಸಿದ ಇಂಗಾಲದ ಡೈಆಕ್ಸೈಡಿನಿಂದ ಭೂಮಿ ಬಿಸಿಯಾಗುತ್ತಿದೆ ಎಂದ. ಪಂಡಿತರು ತಲೆ ಅಲ್ಲಾಡಿಸಿದರು. ತಮಾಷೆಯೆಂದರೆ, ಬಿಸಿಯಾದರೆ ಒಳ್ಳೆಯದೇ ಎಂದು ಸ್ವತಃ ಅವನೂ ನಂಬಿದ್ದ!

ಬಿಸಿಯಾದರೆ ಕಡಲು ಏರಬೇಕು, ಏರುತ್ತಿದೆಯೇ ಎಂಬುದೇ ಜಗಳ; ಈಗ ಅದರ ಬೇರಿಗೆ ಬರೋಣ. ಮಾಪಕ ನಿಂತಿರುವುದು ನೆಲದ ಮೇಲೆ. ಕಾಗದದ ಮೇಲೆ ಗೆರೆ ಮೇಲೆದ್ದರೆ ಕಡಲು ಏರಿರಬಹುದು, ಇಲ್ಲವೇ ನೆಲ ಇಳಿದಿರಬಹುದು. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ ಹಳೆಯ ದಾಖಲೆಗಳನ್ನು ಜಾಲಾಡಿದರು. ಬಹುತೇಕ ಕಡೆ ಏರಿಕೆ ವರ್ಷಕ್ಕೆ ಒಂದರಿಂದ ಎರಡು ಮಿಲಿಮೀಟರಿನ ಒಳಗೆ. ಕೋಲ್ಕತ್ತದ ಕೆಳಗಿನ ಡೈಮಂಡ್ ಹಾರ್ಬರಿನಲ್ಲಿ ಮಾತ್ರ ಐದನ್ನೂ ಮೀರಿತ್ತು. ಕಡಲು ಅದೇ, ಬಂಗಾಳ ಕೊಲ್ಲಿ. ಆದರೆ ಡೈಮಂಡ್ ಹಾರ್ಬರ್ ಕೂತಿರುವುದು ಕುಸಿಯುವ ಮೆಕ್ಕಲಿನ ಮೇಲೆ, ವಿಶಾಖಪಟ್ಟಣಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡದಂಥ ಗಟ್ಟಿ ಬಂಡೆಯ ಆಸರೆ.

ಬರೀ ಒಂದು ಮಿಲಿಮೀಟರೇ ಎಂದು ನಗುವವರಿದ್ದಾರೆ. ಆ ಸರಾಸರಿ ಹಳೆಯದು. 1992ರಲ್ಲಿ ಟೋಪೆಕ್ಸ್ ಪೊಸೈಡನ್ ಉಪಗ್ರಹ ಮೇಲೇರಿದ ಮೇಲೆ ನೆಲದ ಹಂಗಿಲ್ಲದೆ ಅಳೆಯುವುದು ಸಾಧ್ಯವಾಯಿತು. 2006ರಿಂದ 2018ರವರೆಗೆ ಜಗತ್ತಿನ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್. ಬಿಸಿಗೆ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತದೆ.

ಹಾಗೆಂದು ಕಡಲ್ಕೊರೆತವನ್ನೆಲ್ಲ ಈ ಏರಿಕೆಯ ತಲೆಗೇ ಕಟ್ಟುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವಿಶಾಖಪಟ್ಟಣದಲ್ಲಿ ಕುರ್ಸುರಾ ಜಲಾಂತರ್ಗಾಮಿ ನಿಂತಿರುವ ರಾಮಕೃಷ್ಣ ಬೀಚು ಸವೆಯುವುದಕ್ಕೆ ಬಂದರಿನ ಅಲೆತಡೆ ಗೋಡೆ ದೊಡ್ಡ ಕಾರಣ. ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳು ಅಲ್ಲಿ ಸಿಕ್ಕಿಬೀಳುತ್ತದೆ. ಅದನ್ನೇ ಹೂಳೆತ್ತುವ ಹಡಗಿನಿಂದ ಬಾಚಿ ಬೀಚಿಗೆ ಸುರಿಯುತ್ತಾರೆ. ಕಡಲ್ಕೊರೆತ ಕಂಡ ನಮ್ಮ ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭವಾನಿಪುರಂನಲ್ಲಿ ಬಿಟ್ಟು ಬಂದ ಮಾತು. ಕೃಷ್ಣೆಯ ಮುಖಜ ಭೂಮಿ ವರ್ಷವರ್ಷವೂ ಹೊಸ ಮೆಕ್ಕಲು ಬಿದ್ದರೆ ಮಾತ್ರ ಕಡಲಿಗೆ ಸರಿಸಮ ನಿಲ್ಲುತ್ತದೆ. 1855ರಲ್ಲಿ ವಿಜಯವಾಡದ ಒಡ್ಡು, 1957ರಲ್ಲಿ ಅದರ ಜಾಗಕ್ಕೆ ಬ್ಯಾರೇಜು, 1967ರಲ್ಲಿ ನಾಗಾರ್ಜುನಸಾಗರ, ಆಮೇಲೆ ಶ್ರೀಶೈಲ, ನಾರಾಯಣಪುರ, ಆಲಮಟ್ಟಿ. ಮಣ್ಣು ದಾರಿಯಲ್ಲೇ ಕೂತಿತು. ಇತ್ತ ಕಡಲು ಏರುತ್ತಿದೆ, ಅತ್ತ ನೆಲ ತಗ್ಗುತ್ತಿದೆ, ಎರಡೂ ನಿಜ. ಆಲಮಟ್ಟಿಯಲ್ಲಿ ಹೂಳು ಎಂದು ನಾವು ಬೈಯುವ ಮಣ್ಣು, ಹಂಸಲದೀವಿಯ ಬಳಿ ಕೃಷ್ಣೆ ಕಡಲು ಸೇರುವಲ್ಲಿ ಗದ್ದೆಯಾಗಬೇಕಾಗಿದ್ದ ಮಣ್ಣು.