ಆಪು: ಕಳೆಯೂ ಹೌದು, ಕಸುಬೂ ಹೌದು



ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ದಾಟಿ, ಗಂಗಾಂಬಿಕೆಯವರ ಐಕ್ಯಸ್ಥಳವಾದ ನಮ್ಮ ಎಂ.ಕೆ. ಹುಬ್ಬಳ್ಳಿಗೆ ಬರುತ್ತಾಳೆ. ಈ ಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯ ಅಂಚು, ಕಬ್ಬಿನ ಹೊಲದ ಬಸಿಗಾಲುವೆ, ಹೀಗೆ ನೀರು ನಿಂತಲ್ಲಿ ಆಳೆತ್ತರದ ಒಂದು ಹುಲ್ಲು ಬೆಳೆಯುವುದನ್ನು ನೀವು ನೋಡಿದ್ದೀರಿ. ಕತ್ತಿಯಂಥ ಉದ್ದನ್ನ ಎಲೆ, ತುದಿಗೆ ಕಂದು ಬಣ್ಣದ ದಪ್ಪ ಕದಿರು. ಅದೇ ಆಪು. ಕೆಲವರು ಜಂಬು ಅನ್ನುತ್ತಾರೆ, ಕೆಲವರು ಜೊಂಡು ಅನ್ನುತ್ತಾರೆ. ಇವತ್ತು ಅದರದೇ ಮಾತು.

"ಈ ಹುಲ್ಲಿನಿಂದ ಏನು ಬಂತ್ರಿ, ಬೆಂಕಿ ಹಚ್ಚಿದರಾಯ್ತು" ಅಂತ ನೀವು ಕೇಳಬಹುದು. ಬೆಂಕಿ ಹಚ್ಚಿದರೆ ಸುಡುವುದು ಮೇಲಿನ ಎಲೆ ಮಾತ್ರ. ಕೆಸರಿನೊಳಗಿನ ಗಡ್ಡೆಬೇರು ತಣ್ಣಗೆ ಇದ್ದು ಮತ್ತೆ ಚಿಗುರುತ್ತದೆ. ಒಂದು ಕದಿರಿನಲ್ಲಿ ಲಕ್ಷಕ್ಕೂ ಮಿಕ್ಕಿ ಬೀಜ. ಕದಿರು ಒಡೆದರೆ ಅರಳೆಯಂತೆ ಗಾಳಿಗೆ ಹಾರಿ ಊರೆಲ್ಲ ಹರಡುತ್ತವೆ. ಬಸಿಗಾಲುವೆಯಲ್ಲಿ ಆಪು ತುಂಬಿತೋ, ನೀರು ಬಸಿಯುವುದು ನಿಂತಿತು. ನೀರು ನಿಂತ ಭೂಮಿ ಜವಳಾಗುತ್ತದೆ, ಉಪ್ಪು ಮೇಲೆದ್ದು ಸವಳಾಗುತ್ತದೆ. ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ನೀರು ಹರಿದ ಕೆಳಗಿನ ಸೀಮೆಯ ರೈತರಿಗೆ ಈ ಸವಳು-ಜವಳಿನ ಕಷ್ಟ ಹೊಸದಲ್ಲ.

ಹಾಗಾದರೆ ಮಾಡುವುದೇನು? ಕೊಯ್ಯಿರಿ. ಆದರೆ ತಿಳಿದು ಕೊಯ್ಯಿರಿ. ಕೆರೆಯ ಅಂಚಿನ ಆಪು ಬರುವ ವರ್ಷವೂ ಬೇಕು ಅನ್ನುವವರು ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ಯಬೇಕು. ಬಸಿಗಾಲುವೆಯಲ್ಲಿ ಅದು ಬೇಡವೇ ಬೇಡ ಅನ್ನುವವರು ಕುಡುಗೋಲನ್ನು ನೀರಿನೊಳಗೆ ಇಳಿಸಿ ಬುಡಕ್ಕೆ ಕೊಯ್ಯಬೇಕು. ಆಪಿನ ಬೇರು ಉಸಿರಾಡುವುದು ಎಲೆಯೊಳಗಿನ ಗಾಳಿಯ ಕೊಳವೆಗಳಿಂದ. ಕೊಯ್ದ ಬುಡ ನೀರಿನಲ್ಲಿ ಮುಳುಗಿಯೇ ಇದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಚಿಗುರಿದ ಹಾಗೆ ಎರಡು ಮೂರು ಸಲ ಹೀಗೆ ಮಾಡಿರಿ. ಕೊಯ್ಯುವಾಗ ಹಾವಿನ ಭಯ ಉಂಟು. ಮೊದಲು ಕೋಲಿನಿಂದ ಬಡಿದು ಸಪ್ಪಳ ಮಾಡಿ, ಆಮೇಲೆ ಇಳಿಯಿರಿ. ಹಕ್ಕಿ ಗೂಡು ಕಟ್ಟಿದ ಮಗ್ಗುಲನ್ನು ಹಾಗೇ ಬಿಡಿರಿ.

ಇನ್ನು ಕೊಯ್ದ ಹುಲ್ಲಿನ ಮಾತು. ಎಲೆ ಪೂರಾ ಬೆಳೆದಿರಬೇಕು, ಕದಿರು ಇನ್ನೂ ಒಡೆದಿರಬಾರದು. ಅದೇ ಚಾಪೆಗೆ ಹದ. ಚರಂಡಿ ನೀರಿನಲ್ಲಿ ಬೆಳೆದದ್ದು ಮಲಗುವ ಚಾಪೆಗೆ ಬೇಡ. ಎಲೆಗಳನ್ನು ತೆಳ್ಳಗೆ ಹರವಿ, ದಿನಾ ಹೊರಳಿಸಿ ಒಣಗಿಸಿರಿ. ಮಳೆಗೆ, ಇಬ್ಬನಿಗೆ ಸಿಕ್ಕರೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಒಣಗಿದ್ದನ್ನು ಸಿವುಡು ಕಟ್ಟಿ ಗಾಳಿಯಾಡುವ ಅಟ್ಟದ ಮೇಲೆ ಇಡಿರಿ.

ಹಸಿ ಎಲೆಯನ್ನೇ ಹೆಣೆಯಲು ಅವಸರ ಮಾಡಬೇಡಿರಿ. ಒಣಗಿದಂತೆ ಎಲೆ ಕುಗ್ಗಿ, ಚಾಪೆ ಜಾಳುಜಾಳಾಗುತ್ತದೆ. ಒಣಗಿದ ಎಲೆಗೆ ಹಿಂದಿನ ರಾತ್ರಿ ನೀರು ಚಿಮುಕಿಸಿ ಗೋಣಿತಟ್ಟಿನಲ್ಲಿ ಸುತ್ತಿಡಿರಿ. ಬೆಳಿಗ್ಗೆ ಮುರಿಯದೆ ಬಾಗುತ್ತದೆ. ನೆಲಕ್ಕೆ ನಾಲ್ಕು ಗೂಟ ಬಡಿದು, ಎರಡು ಬಿದಿರ ಗಳ ಕಟ್ಟಿ, ಪುಂಡಿ ನಾರಿನ ಹುರಿಯನ್ನು ಹಾಸಾಗಿ ಎಳೆಯಿರಿ. ಆಪಿನ ಎಲೆಯೇ ಹೊಕ್ಕು. ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹಾಯಿಸಿ ಒತ್ತಿರಿ. ಒಂದು ಎಲೆಯ ಬುಡ ಎಡಕ್ಕೆ ಬಂದರೆ ಮುಂದಿನದರ ಬುಡ ಬಲಕ್ಕೆ ಬರಲಿ. ಇಲ್ಲದಿದ್ದರೆ ಬುಡ ದಪ್ಪ, ತುದಿ ತೆಳು ಆಗಿ ಚಾಪೆ ಸೊಟ್ಟಗಾಗುತ್ತದೆ. ಎಲೆಯೊಳಗೆ ಗಾಳಿ ತುಂಬಿರುವುದರಿಂದ ಈ ಚಾಪೆ ಮೆತ್ತಗೆ. ನೆಲದ ತಂಪು ಮೈಗೆ ತಾಗದು.

ಆಪಿನ ಸಂಗಡ ಜೇಕಿನ ಜಾತಿಯ ಎತ್ತರದ ಹುಲ್ಲೂ ಸಿಗುತ್ತದೆ. ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿರಿ. ಮೂರು ಮೂಲೆ ಕೈಗೆ ಹತ್ತಿದರೆ ಅದೇ. ತಮಿಳುನಾಡಿನ ಪತ್ತಮಡೈ ಊರಿನವರು ಇಂಥದೇ ಕೋರೆ ಹುಲ್ಲನ್ನು ಸೀಳಿ, ಬಟ್ಟೆಯಂತೆ ಮಡಚಬಹುದಾದ ಚಾಪೆ ನೇಯುತ್ತಾರೆ. ದೂರದ ಹಂಗೇರಿ ದೇಶದಲ್ಲಿ ತಿಸಾ ನದಿಯ ದಂಡೆಗಿರುವ ತಾಪೇ ಎಂಬ ಊರು ಆಪಿನ ಚಾಪೆ, ಕೈಚೀಲಗಳಿಂದಲೇ ಹೆಸರು ಪಡೆಯಿತು. ಅಲ್ಲಿಯವರೂ ನಮ್ಮಂತೆ ಹೊಳೆಯ ಬದಿಯ ಒಕ್ಕಲಿಗರೇ.

ಅಷ್ಟು ದೂರ ಯಾಕೆ? 12ನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಅವರು ಕಾಯಕ ಬಿಡಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬಂತು ಅಂತ ಶರಣರ ಕಥೆ ಹೇಳುತ್ತದೆ. ಯಾರೂ ಕೇಳದ ಹುಲ್ಲಿನಿಂದ ನಾಲ್ಕು ಮಂದಿಗೆ ಅನ್ನ ಆಯಿತು, ನೋಡ್ರಿ.

ಈಗ ಸಂತೆಯಲ್ಲಿ ಪ್ಲಾಸ್ಟಿಕ್ ಚಾಪೆ ಅಗ್ಗಕ್ಕೆ ಸಿಗುತ್ತದೆ, ನಿಜ. ಹರಿದರೆ ಅದು ತಿಪ್ಪೆಯಲ್ಲೂ ಕರಗದು. ಆಪಿನ ಚಾಪೆ ಹರಿದರೆ ಗೊಬ್ಬರವಾಗುತ್ತದೆ. ಮೊದಲ ವರ್ಷ ಮಾರಾಟದ ಆಸೆ ಬೇಡ. ಮನೆಗೆ ಎರಡು ಚಾಪೆ, ಕಾಳು ಒಣಹಾಕಲು ಒಂದು, ಇಷ್ಟು ಹೆಣೆಯಿರಿ. ಕೈ ಕುದುರಿದ ಮೇಲೆ ನಿಮ್ಮ ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಕೂಡಿ, ಅಳತೆ ಒಂದೇ ಇಟ್ಟು, ಸಂತೆಗೆ ಒಯ್ಯಿರಿ. ಊರಿನಲ್ಲಿ ಚಾಪೆ ಹೆಣೆಯಲು ಬಲ್ಲ ಮುದುಕಿಯರು ಇದ್ದರೆ ಈ ವರ್ಷವೇ ಅವರ ಹತ್ತಿರ ಕುಳಿತು ಕಲಿಯಿರಿ. ಆಪು ಬರುವ ವರ್ಷವೂ ಬೆಳೆದೀತು. ಹೋದ ಕೈಗೆಲಸ ತಾನಾಗಿ ಚಿಗುರುವುದಿಲ್ಲ.

ಬಸಿಗಾಲುವೆ ತೆರವಾಗಲಿ, ಪಡಸಾಲೆಗೆ ಚಾಪೆ ಬರಲಿ.